ಡಯಾಲಿಸಿಸ್ ಕೋಣೆಯ ತಾಲೀಮು

ಎಡಗೈಗೆ ಎರಡು ಸೂಜಿ ಚುಚ್ಚಿ, ಪಟ್ಟಿ ಅಂಟಿಸಿ ಮಲಗಿಸಿದರೆ ಮುಂದೆ ನಾಲ್ಕು ತಾಸು ಆ ಕೈಯನ್ನು ಅಲುಗಿಸುವಂತಿರಲಿಲ್ಲ. ಮೊದಮೊದಲು ನಾನು ಪುಸ್ತಕ ಒಯ್ಯುತ್ತಿದ್ದೆ. ಒಂದೇ ಕೈಯಲ್ಲಿ ಪುಸ್ತಕ ಹಿಡಿದು ಅದೇ ಕೈಯ ಹೆಬ್ಬೆರಳಿನಿಂದ ಪುಟ ತಿರುವುವುದು ಎಂಥ ಫಜೀತಿ ಎಂಬುದು ಮಾಡಿ ನೋಡಿದವರಿಗೇ ಗೊತ್ತು. ಬೇಗನೇ ಪುಸ್ತಕ ಬಿಟ್ಟೆ. ರಕ್ತ ಒಂದು ಕೊಳವೆಯಲ್ಲಿ ಹೋಗಿ, ಯಂತ್ರದಲ್ಲಿ ಸುತ್ತಿ, ಇನ್ನೊಂದು ಕೊಳವೆಯಲ್ಲಿ ಮರಳುವುದನ್ನು ನೋಡುತ್ತ ಮಲಗಿರುತ್ತಿದ್ದೆ.

ನಾನು ತಿಕೋಟಾದ ಒಂದು ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕಿ. ನಮ್ಮ ಮನೆಯವರದು ದ್ರಾಕ್ಷಿ ತೋಟ. ನನಗೆ ಬಿ.ಪಿ. ಇದ್ದದ್ದು ಗೊತ್ತೇ ಆಗಿರಲಿಲ್ಲ. ಬೆಳಗ್ಗೆ ಎದ್ದಾಗ ಮುಖ ಬಾತಿರುತ್ತಿತ್ತು, ಕಾಲುಂಗುರ ಬಿಗಿಯಾಗುತ್ತಿದ್ದವು. ನಿದ್ದೆ ಸಾಲದ್ದಕ್ಕೆ ಅಂದುಕೊಂಡಿದ್ದೆ. ವಿಜಯಪುರಕ್ಕೆ ಹೋಗಿ ತಪಾಸಣೆ ಮಾಡಿಸುವ ಹೊತ್ತಿಗೆ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ಮನೆಯವರು ತಮ್ಮದೊಂದು ಕೊಡುತ್ತೇನೆಂದು ಮುಂದೆ ಬಂದರು, ಹೊಂದಲಿಲ್ಲ. ನನ್ನ ಅಕ್ಕನಿಗೆ ಸಕ್ಕರೆ ಕಾಯಿಲೆ, ಆಕೆ ಕೊಡುವಂತಿರಲಿಲ್ಲ. ಕಾಯುವವರ ಸಾಲಿನಲ್ಲಿ ಹೆಸರು ಬರೆಸಿ, ವಾರಕ್ಕೆ ಮೂರು ದಿನ ಡಯಾಲಿಸಿಸ್ ಎಂದಾಯಿತು. ಮುಖ್ಯಗುರುಗಳು ಆ ದಿನಗಳಲ್ಲಿ ನನ್ನ ತರಗತಿಗಳನ್ನೆಲ್ಲ ಬೆಳಗಿಗೇ ಹಾಕಿಕೊಟ್ಟರು. ಪಾಠ ಮುಗಿಸಿ, ಸೀಮೆಸುಣ್ಣದ ಕೈ ತೊಳೆದುಕೊಂಡು ವಿಜಯಪುರದ ಬಸ್ಸು ಹತ್ತುತ್ತಿದ್ದೆ.

ಕೋಣೆಯಲ್ಲಿ ಐದು ಹಾಸಿಗೆ. ಕಿಟಕಿಯ ಪಕ್ಕದ್ದು ಜೈನಾಪುರದ ಕಾಕಾನದು. ಕಾಕಾ ಎಂದರೆ ನನ್ನ ಸಂಬಂಧಿಯಲ್ಲ, ಎಪ್ಪತ್ತರ ಹತ್ತಿರದ ರೈತ; ಕೋಣೆಯವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ಅವರ ಸೊಸೆ ಬುತ್ತಿ ಕಟ್ಟಿಕೊಂಡು, ಬಬಲೇಶ್ವರಕ್ಕೆ ಬಂದು ಬಸ್ಸು ಹಿಡಿದು ಅವರನ್ನು ಕರೆತರುತ್ತಿದ್ದಳು. ನಡುವಿನ ಹಾಸಿಗೆ ನನ್ನದು. ನನ್ನ ಬಲಕ್ಕೆ ವಿಜಯಪುರದ ಜೋರಾಪುರ ಪೇಟೆಯ ಒಬ್ಬ ಹುಡುಗಿ. ಅವರ ಮನೆತನದ್ದು ಸೀರೆ ಅಂಗಡಿ, ಇವಳು ಅಲ್ಲಿ ಕೂತು ವ್ಯಾಪಾರ ನೋಡಿಕೊಳ್ಳುತ್ತಿದ್ದಳು. ಮದುವೆ ನಿಶ್ಚಯವಾದ ಮೇಲೆ ರೋಗ ಗೊತ್ತಾಯಿತು. ಗಂಡಿನ ಕಡೆಯವರು ಬೇಡವೆಂದು ಹೇಳಿ ಕಳಿಸಿದರು. ಇದನ್ನು ಪರಿಚಯವಾದ ಎರಡನೆಯ ದಿನವೇ ನಗುತ್ತ ಹೇಳಿದಳು.

“ಮದವಿ ಸೀರಿ ಎಲ್ಲಾ ನಮ್ಮಂಗಡೀವs ಆಗಿದ್ದೂ ಅಕ್ಕಾ. ಮತ್ತ ಕಪಾಟಿನ್ಯಾಗ ಹೋಗಿ ಕುಂತೂವು. ನಷ್ಟ ಏನ್ ಆಗ್ಲಿಲ್ಲ ನೋಡ್ರಿ.”

ಮೊಬೈಲಿನಲ್ಲಿ ಆ ಆಟ ತಂದವಳು ಅವಳೇ. ಒಂದು ದಿನ ಬಲಗೈಯಲ್ಲಿ ಫೋನು ಹಿಡಿದು ನನ್ನ ಕಡೆ ತಿರುಗಿಸಿದಳು. “ಅಕ್ಕಾ, ಇದಕ್ಕ ಎರಡು ಕೈ ಬೇಕಾಗಂಗಿಲ್ಲ. ಒಂದು ಬಟ್ಟು ಇದ್ರ ಸಾಕು.”

ಅದೊಂದು ಕುಸ್ತಿ ಕಣದಂಥ ಆಟ. ಆದರೆ ಆಡುವವರು ಕಾದಾಡುವುದಿಲ್ಲ. ನಾವು ಗರಡಿಯ ಯಜಮಾನರು. ನಮ್ಮ ಕೈಗೊಬ್ಬ ಹೋರಾಟಗಾರನನ್ನು ಕೊಡುತ್ತಾರೆ. ಅವನಿಗೆ ಮೊದಲು ಏನೇನೂ ಬರುವುದಿಲ್ಲ, ನಿಲ್ಲುವುದಕ್ಕೂ ಬರುವುದಿಲ್ಲ. ಯಾವುದಕ್ಕೆ ಎಷ್ಟು ಅಂಕ ಕೊಡಬೇಕು, ಯಾವುದಕ್ಕೆ ಎಷ್ಟು ಕಳೆಯಬೇಕು ಎಂಬುದನ್ನು ನಾವು ಗೊತ್ತುಮಾಡಬೇಕು. ಯಾರ ಮೇಲೆ ಬಿಡಬೇಕು, ಯಾವಾಗ ವಿಶ್ರಾಂತಿ ಕೊಡಬೇಕು ಎಂಬುದೂ ನಮ್ಮದೇ. ಆಮೇಲೆ ಅವನು ತಾನೇ ಕಣಕ್ಕಿಳಿದು, ಬಿದ್ದು, ಹೊಡೆಸಿಕೊಂಡು, ಅಂಕ ಕಳೆದುಕೊಂಡು, ಅಂಕ ಗಳಿಸಿ ಕಲಿಯುತ್ತಾನೆ. ಯಂತ್ರ ತಾನಾಗಿ ಕಲಿಯುವುದು ಎಂದು ಪೇಪರಿನಲ್ಲಿ ಬರುತ್ತದಲ್ಲ, ಅದೇ. ಒಂದು ತಾಲೀಮಿಗೆ ಹಚ್ಚಿದರೆ ತಾಸುಗಟ್ಟಲೆ ನಡೆಯುತ್ತಿತ್ತು. ಬೇರೆಯವರಿಗೆ ಅದು ಬೇಸರವಾಗಿದ್ದೀತು. ನಮಗೆ ಹೇಳಿ ಮಾಡಿಸಿದ ಹಾಗಿತ್ತು. ಆಟದ ಹೆಸರು ಇಂಗ್ಲಿಷಿನಲ್ಲಿ ಏನೋ ಇತ್ತು. ಕೋಣೆಯಲ್ಲಿ ಎಲ್ಲರೂ ಅದಕ್ಕೆ ತಾಲೀಮು ಅಂದರು.

ಕಿಟಕಿಯ ಕಡೆಯಿಂದ ಕಾಕಾ ಕೇಳಿದರು, “ಏನ್ ನೋಡಾಕತ್ತೀರಿ ಅಕ್ಕಾರ? ಕುಸ್ತಿ ಏನ್ರಿ?” ನಮ್ಮ ಕಡೆ ಶಾಲೆಯ ಶಿಕ್ಷಕಿಯರಿಗೆ ಹಾಗೇ ಅಕ್ಕಾರ ಅನ್ನುತ್ತಾರೆ.

ಹುಡುಗಿ ತಾನು ಅಷ್ಟು ದೂರ ಕೈ ಚಾಚಲಾರದೆ ಫೋನನ್ನು ನನಗೆ ಕೊಟ್ಟಳು, ನಾನು ಕಾಕಾಗೆ ಕೊಡಲಾರದೆ ಸಿಸ್ಟರ್ ಕೈಗೆ ಕೊಟ್ಟೆ, ಸಿಸ್ಟರ್ ಕಾಕಾಗೆ ಮುಟ್ಟಿಸಿದರು. ಕಾಕಾ ಕಣ್ಣಿನ ಹತ್ತಿರ ಹಿಡಿದು ನೋಡಿದರು. ಹೊಸ ಹೋರಾಟಗಾರನೊಬ್ಬ ಏಳಲು ಹೋಗಿ ಮುಗ್ಗರಿಸಿ ಬೀಳುತ್ತಿದ್ದ.

“ಹುಟ್ಟಿದ ಕರಾ ಹಿಂಗs ಬೀಳ್ತೈತಿ,” ಎಂದರು. “ಸ್ವಲ್ಪ ತಡೀರಿ, ನಿಂದರತೈತಿ.”

ಕಾಕಾ ಬದುಕೆಲ್ಲ ಎತ್ತು ಸಾಕಿದವರು. ಮಗ ಟ್ರ್ಯಾಕ್ಟರ್ ತಂದ ಮೇಲೆ ಕೊನೆಯ ಜೋಡಿಯನ್ನೂ ಕೊಟ್ಟಾಗಿತ್ತು. ಮುಂದಿನ ಸರದಿಗೆ ಮಗನ ಹಳೆಯ ಮೊಬೈಲನ್ನು ತಂದರು, ಅದರ ಗಾಜು ಮೂಲೆಯಲ್ಲಿ ಒಡೆದಿತ್ತು. ಹುಡುಗಿ ಆಟ ಹಾಕಿಕೊಟ್ಟಳು. ತಮ್ಮ ಹೋರಾಟಗಾರನನ್ನು ಅವರು ಹೋರಿ ಎಂದು ಕರೆದರು.

ಅಂಕ ಗೊತ್ತುಮಾಡುವ ಕೆಲಸಕ್ಕೆ ನನ್ನನ್ನು ಕೇಳಿದರು. “ಅಕ್ಕಾರ, ಬಡಸ್ಕೊಂಡ್ರ ಎಷ್ಟ ಕಳೀತೈತ್ರಿ?”

“ನೀವ್ ಎಷ್ಟಂತೀರೋ ಅಷ್ಟ ಕಾಕಾ.”

“ಹಂಗಾರ ಪೂರಾ ಕಳೀರಿ. ಬಡಸ್ಕೊಳ್ಳೂದು ಬ್ಯಾಡs ಬ್ಯಾಡ ಅದಕ್ಕ.”

“ಹೊಡದ್ರ ಎಷ್ಟು ಕೊಡೂಣ್ರಿ?”

“ಹೊಡದ್ರ ಏನ್ ದೊಡ್ಡಸ್ತನಾ? ಒಂದ್ ಕೊಡ್ರಿ ಸಾಕು.”

ಹೀಗೆ ಮಾಡಿದರೆ ಏನಾಗುತ್ತದೆಂದು ಹೇಳಿದೆ, ಅವರು ಕೇಳಲಿಲ್ಲ. ಆ ಹೋರಿ ಒಂದೇ ವಾರದಲ್ಲಿ ಓಡುವುದನ್ನು ಕಲಿತಿತು. ಕಣಕ್ಕೆ ಬಿಟ್ಟರೆ ಗೋಡೆ ಹಿಡಿದು ಸುತ್ತು ಹೊಡೆಯುವುದು, ಎದುರಾಳಿ ಹತ್ತಿರ ಬಂದರೆ ನುಣುಚಿಕೊಳ್ಳುವುದು. ಯಾರೂ ಅದನ್ನು ಕೆಡವಲಿಲ್ಲ. ವೇಳೆ ಮುಗಿದಾಗ, ಬರೀ ಓಡಿದ್ದಕ್ಕೆ ಸೋಲು ಬರೆಯುತ್ತಿದ್ದರು, ಅಷ್ಟೇ. ಕಾಕಾ ಪ್ರತಿ ಸಲವೂ ಖುಷಿಯಿಂದ, “ನೋಡ್ರಿ, ಮೈಗೆ ಒಂದ್ ಗಾಯಾ ಇಲ್ಲ,” ಎನ್ನುತ್ತಿದ್ದರು.

ಹುಡುಗಿಯದು ಇದಕ್ಕೆ ತದ್ವಿರುದ್ಧ. ಏಟು ಬಿದ್ದದ್ದಕ್ಕೆ ಅವಳು ಏನೂ ಕಳೆಯುತ್ತಿರಲಿಲ್ಲ, ಕೊಟ್ಟ ಏಟಿಗೆ ಮಾತ್ರ ಕೈತುಂಬ ಅಂಕ. ಅವಳವನು ಕಣ್ಣು ಮುಚ್ಚಿಕೊಂಡವನ ಹಾಗೆ ನುಗ್ಗುತ್ತಿದ್ದ. ನಾನು ಎರಡನ್ನೂ ಸರಿತೂಗಿಸಿದ್ದೆ, ಅದಕ್ಕೇ ಏನೋ ನನ್ನವನು ಯಾರ ನೆನಪಿನಲ್ಲೂ ಉಳಿಯುವಂಥವನಾಗಲಿಲ್ಲ.

ಹುಡುಗಿಯವನನ್ನು ಹೋರಿಯ ಮೇಲೆ ಬಿಟ್ಟ ದಿನ ಕೋಣೆಯೆಲ್ಲ ನೋಡಿತು. ಅವನು ಅಟ್ಟಿಸಿಕೊಂಡು ಹೋಗುವುದು, ಇದು ಗೋಡೆಗುಂಟ ಓಡುವುದು. ಹುಡುಗಿ ನಕ್ಕು ನಕ್ಕು ಕೈ ಅಲುಗಿಸಿ, ಸೂಜಿ ಸರಿದು, ಅವಳ ಯಂತ್ರ ಕೂಗಿಕೊಂಡಿತು. ಟೆಕ್ನಿಶಿಯನ್ ಓಡಿಬಂದು ಸರಿಮಾಡಿ, “ತಾಲೀಮು ಬಂದ್ ಮಾಡಸ್ತೀನಿ ನೋಡ್ರಿ,” ಎಂದು ಗದರಿದ. ಆಮೇಲೆ ತಾನೂ ನಿಂತು ನೋಡಿದ.

ದಿನಾ ಹೋರಿಯನ್ನು ಬೆನ್ನಟ್ಟಿ ಬೆನ್ನಟ್ಟಿ ಹುಡುಗಿಯವನಿಗೆ ಅದೊಂದೇ ರೂಢಿಯಾಯಿತು. ಇಂಟರ್ನೆಟ್ಟಿನಲ್ಲಿ ಆಡುವ ಹೊರಗಿನವರ ಮೇಲೆ ಬಿಟ್ಟರೆ, ಎದುರಿಗೆ ನಿಂತು ಹೊಡೆಯುವವನ ಮುಂದೆ ಏನು ಮಾಡಬೇಕೆಂದು ತೋಚದೆ ಬಿದ್ದುಬಿಡುತ್ತಿದ್ದ.

“ಕಾಕಾ, ನಿಮ್ಮ ಹೋರಿ ನನ್ನಾಂವನ್ನ ಕೆಡಿಸೈತ್ರಿ!”

“ನಾ ಏನ್ ಮಾಡ್ಲಿ ಬೇ? ಬೆನ್ನ ಹತ್ತು ಅಂತ ಅದೇನ್ ಹೇಳಿತ್ತೇನ?”

ಈ ಮಾತುಗಳನ್ನೆಲ್ಲ ಓದಿದರೆ ಆ ಕೋಣೆ ನಗೆಯಿಂದ ತುಂಬಿತ್ತು ಎನಿಸೀತು. ಹಾಗೇನಿಲ್ಲ. ಹೆಚ್ಚಿನ ಹೊತ್ತು ಚಳಿ. ರಕ್ತ ಹೊರಗೆ ಸುತ್ತಾಡಿ ಬರುವುದರಿಂದ ಬೇಸಿಗೆಯಲ್ಲೂ ಹೊದಿಕೆ ಬೇಕು. ಕೊನೆಯ ತಾಸಿನಲ್ಲಿ ಮೀನಖಂಡ ಸೆಳೆದು ಗಂಟಾಗುತ್ತಿತ್ತು. ಕಾಕಾಗೆ ಸೆಳೆತ ಬಂದಾಗ ಹಲ್ಲು ಕಚ್ಚಿ, “ಯಪ್ಪಾ, ಯಪ್ಪಾ,” ಎನ್ನುವರು. ಸಿಸ್ಟರ್ ಬಂದು ಅಂಗಾಲು ಒತ್ತಿ ಹಿಡಿಯುವ ತನಕ ನಾವಿಬ್ಬರೂ ಬೇರೆ ಕಡೆ ನೋಡುತ್ತಿದ್ದೆವು. ಎಲ್ಲಕ್ಕಿಂತ ಕಷ್ಟದ್ದು ನೀರಡಿಕೆ. ದಿನಕ್ಕೆ ಇಷ್ಟೇ ನೀರು ಎಂದು ಗೊತ್ತುಮಾಡಿರುತ್ತಾರೆ. ಚಹಾ, ಸಾರು, ಮಜ್ಜಿಗೆ ಎಲ್ಲ ಅದರಲ್ಲೇ ಸೇರಬೇಕು. ಹುಡುಗಿ ಮಂಜುಗಡ್ಡೆಯ ಚೂರು ಚೀಪುತ್ತಿದ್ದಳು. ನಮ್ಮ ತೋಟದಲ್ಲಿ ಗೊನೆ ತೂಗುತ್ತಿದ್ದಾಗ, ಊರ ತುಂಬ ಒಣದ್ರಾಕ್ಷಿ ಹರಡಿದ್ದಾಗ, ಪೊಟ್ಯಾಶಿಯಂ ಏರುತ್ತದೆಂದು ನಾನು ಒಂದು ಹಣ್ಣನ್ನೂ ತಿನ್ನುವಂತಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಹುಡುಗಿಯ ತಾಯಿಯ ಕಿಡ್ನಿ ಹೊಂದುತ್ತದೆಂದು ತಿಳಿಯಿತು. ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಶನ್. ಹೊರಡುವ ಮುಂಚಿನ ಸರದಿಯಲ್ಲಿ ಅವಳು ಫೋನು ತೆಗೆಯಲೇ ಇಲ್ಲ. ಛಾವಣಿ ನೋಡುತ್ತ ಮಲಗಿದ್ದಳು.

“ಹೆದರಿಕಿ ಬಂತೇನ?” ಎಂದೆ.

“ನನಗಲ್ಲಕ್ಕಾ. ಅವ್ವಗ ಏನರ ಆದ್ರ ಹ್ಯಾಂಗ? ಅಕಿ ಛಲೋ ಇದ್ದಾಕಿ. ನನ್ನ ಸಲುವಾಗಿ ಅಕೀನ್ನ ಕೊಯ್ತಾರ.”

ಕಾಕಾ ಆ ಕಡೆಯಿಂದ ಮೆಲ್ಲಗೆ ಹೇಳಿದರು. “ನಿಮ್ಮವ್ವ ಏನಂತಾಳ ತಂಗಿ?”

“ನಗತಾಳ್ರಿ. ಒಂಬತ್ತು ತಿಂಗಳು ನಿನ್ನ ಪೂರಾ ಹೊತ್ತೇನಿ, ಈಗ ಒಂದು ತುಕಡಿ ಕೊಡಾಕ ಏನಾಕ್ಕೈತಿ ಅಂತಾಳ.”

ಕಾಕಾ ಹೊದಿಕೆಯನ್ನು ಮುಖದ ತನಕ ಎಳೆದುಕೊಂಡರು.

ಆಪರೇಶನ್ ಆಗಿ ಕೆಲವು ದಿನಕ್ಕೆ ನನ್ನ ಫೋನಿಗೆ ವಿಡಿಯೋ ಕರೆ ಬಂತು. ಮಾಸ್ಕ್ ಹಾಕಿದ ಮುಖ, ಬರೀ ಕಣ್ಣು. “ಅಕ್ಕಾ! ಒಂದಕ್ಕ ಆತ್ರಿ! ಪೈಪಿನ್ಯಾಗ ಧಾರಿ ಹಿಡದ್ ಬರಾಕತ್ತೈತ್ರಿ!” ಎಂದು ಕೂಗಿದಳು. ಬೇರೆ ಎಲ್ಲಿಯೇ ಆಗಲಿ ಇಂಥ ಸುದ್ದಿಗೆ ಜನ ಮುಖ ಮುಚ್ಚಿಕೊಂಡಾರು. ನಮ್ಮ ಕೋಣೆಯಲ್ಲಿ ಉಳಿದ ಹಾಸಿಗೆಯವರೆಲ್ಲ, ಸಿಸ್ಟರ್ ಕೂಡ, ಓ ಎಂದು ಕೂಗಿದೆವು. ಎಷ್ಟೋ ವರ್ಷದಿಂದ ಒಂದು ಹನಿ ಮೂತ್ರ ಕಾಣದವರು ನಾವು. ಕಾಕಾ ಬಲಗೈಯಿಂದ ಕಣ್ಣೊರೆಸಿಕೊಂಡರು. “ಅವ್ವ ಹ್ಯಾಂಗದಾಳ ಕೇಳ್ರಿ,” ಎಂದರು. ತಾಯಿ ಆರಾಮ ಇದ್ದಳು.

ಅವಳು ವಿಜಯಪುರಕ್ಕೆ ಮರಳಿದ ಮೇಲೆ ಕರೆಗಳು ಕಡಿಮೆಯಾದವು. ಸೋಂಕಿನ ಭಯಕ್ಕೆ ಮನೆಯಿಂದ ಹೊರಗೆ ಬರುತ್ತಿಲ್ಲ ಎಂದಳು. ಅವಳವನು ಆಟದಲ್ಲಿ ಎಂದಿನಂತೆ ನಿಂತೇ ಇದ್ದ, ಯಾರೂ ಅವನನ್ನು ತಾಲೀಮಿಗೆ ಹಚ್ಚುತ್ತಿರಲಿಲ್ಲ. ಒಂದು ದಿನ ಅವನೂ ಕಾಣಿಸಲಿಲ್ಲ. ಬೇಸಿಗೆ ಶುರುವಾದಾಗ ಒಂದು ಸಂಜೆ ಡಯಾಲಿಸಿಸ್ ಮುಗಿಸಿ ನಾನು ಜೋರಾಪುರ ಪೇಟೆಗೆ ಹೋದೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಅವಳೇ ಕುಳಿತಿದ್ದಳು. ಗಲ್ಲ ತುಂಬಿಕೊಂಡು ಮುಖ ದುಂಡಗಾಗಿತ್ತು. ನನ್ನನ್ನು ಕಂಡು ಎದ್ದು ನಿಂತಳು, ಖುಷಿಪಟ್ಟಳು, ಹತ್ತಿರ ಬರಲಿಲ್ಲ. ನನ್ನ ಎಡಗೈಗೆ ಆಗತಾನೇ ಕಟ್ಟಿದ ಪಟ್ಟಿ ಇತ್ತು. ಅವಳ ಕಣ್ಣು ಅಲ್ಲಿಗೆ ಹೋಗುವುದು, ಕೂಡಲೇ ಬೇರೆ ಕಡೆ ತಿರುಗುವುದು. ನಾನು ಸೆರಗನ್ನು ಕೈಮೇಲೆ ಎಳೆದುಕೊಂಡೆ.

“ಅಕ್ಕಾ, ಸಿಟ್ಟಾಗಬ್ಯಾಡ್ರಿ. ಆ ಆಟ ತಗದ ಹಾಕೇನಿ. ಅದರ ಸಪ್ಪಳಾ ಕೇಳಿದ್ರ ಮಷಿನ್ ಸಪ್ಪಳಾ ನೆನಪಾಕ್ಕೈತಿ. ಮೈಯೆಲ್ಲಾ ತಣ್ಣಗಾಕ್ಕೈತಿ.”

“ಛಲೋ ಮಾಡೀದಿ ಬಿಡು,” ಎಂದೆ.

ಬರುವಾಗ ಒಂದು ಕುಪ್ಪಸದ ಖಣ ಕೊಟ್ಟು, ದೂರದಿಂದಲೇ ಕುಂಕುಮದ ಬಟ್ಟಲು ಮುಂದೆ ಸರಿಸಿದಳು. ನಾನೇ ಹಚ್ಚಿಕೊಂಡೆ. ಸಿಟ್ಟು ನಿಜವಾಗಿಯೂ ಬಂದಿರಲಿಲ್ಲ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಆದರೆ ತಿಕೋಟಾದ ಬಸ್ಸಿನಲ್ಲಿ ಕುಳಿತಾಗ, ಆ ಕೋಣೆಯಿಂದ ಹೊರಗೆ ಹೋದವರಿಗೆ ನಮ್ಮ ಮುಖ ನೋಡುವುದೂ ಕಷ್ಟವಾಗುತ್ತದೆ ಎಂಬುದು ತಿಳಿಯಿತು.

ಕಾಕಾಗೆ ಹೇಳಿದೆ. “ಹೋಗ್ಲಿ ಬಿಡ್ರಿ. ಅಕೀ ಇನ್ನ ತಿರುಗಿ ನೋಡಬಾರ್ದು,” ಎಂದರು.

ಆಮೇಲೆ ಕಾಕಾನ ಸರದಿ ಬಂತು. ಅವರ ಕೈಯ ರಕ್ತನಾಳ ಕಟ್ಟಿಕೊಂಡಿತು. ಡಯಾಲಿಸಿಸ್‌ಗೆಂದು ಜೋಡಿಸಿದ ಆ ನಾಳವನ್ನು ಮುಟ್ಟಿದರೆ ಸದಾ ಝುಮ್ಮೆನ್ನುತ್ತಿರಬೇಕು. “ಬೆಳಿಗ್ಗೆ ಎದ್ದು ಮುಟ್ಟಿದ್ರ ಸುಮ್ಮಗ ಮಲಗಿತ್ರಿ,” ಎಂದರು. ಇನ್ನೊಂದು ಕೈಯಲ್ಲೂ ಮಾಡಿ ನೋಡಿದರು, ಹತ್ತಲಿಲ್ಲ. ಕುತ್ತಿಗೆಗೆ ಕೊಳವೆ ಹಾಕಿದರು. ಅದಕ್ಕೆ ಸೋಂಕು ತಗಲಿ ಜ್ವರ ಬಂತು. ತೆಗೆದು ಇನ್ನೊಂದು ಕಡೆ ಹಾಕಿದರು, ಅಲ್ಲೂ ಜ್ವರ. ನಡುಗುತ್ತ ಬಂದು ಮಲಗುವರು. ಕೈ ಎರಡೂ ಬಿಡುವಾಗಿದ್ದರೂ ಫೋನು ಮುಟ್ಟುತ್ತಿರಲಿಲ್ಲ.

ಒಂದು ದಿನ ಜ್ವರ ಇಳಿದಿತ್ತು. ಕಾಕಾ ಕೈಸನ್ನೆ ಮಾಡಿ ನನ್ನ ಗಮನ ಸೆಳೆದರು.

“ಅಕ್ಕಾರ, ನಮ್ಮ ಹೋರೀನ್ನ ನಿಮ್ಮ ಗ್ವಾದ್ಲಿಗೆ ಕಟಗೋತೀರೇನ್ರಿ?”

ದನದ ಗೋದಲಿ ಅಂದರೆ ಅವರಿಗೆ ಗರಡಿ. ಒಬ್ಬರ ಹೋರಾಟಗಾರನನ್ನು ಇನ್ನೊಬ್ಬರ ಗರಡಿಗೆ ಕಳಿಸುವುದು ಆ ಆಟದಲ್ಲಿ ಸಾಧ್ಯವಿತ್ತು. “ಯಾಕ್ರಿ ಕಾಕಾ?”

“ಕಣ್ಣ ಮಂಜಾಗ್ಯಾವ. ಕೆಳಗ ಬರದಿದ್ದು ಕಾಣಂಗಿಲ್ಲ.”

ಸಿಸ್ಟರ್ ಫೋನು ತಂದುಕೊಟ್ಟರು. ನಾನೇ ಎರಡೂ ಫೋನಿನಲ್ಲಿ ಒತ್ತಿ ಹೋರಿಯನ್ನು ನನ್ನ ಗರಡಿಗೆ ತಂದುಕೊಂಡೆ. ಕಾಕಾ ನೋಡುತ್ತಿದ್ದರು.

“ಬಡದಾಡಾಕ ಹಚ್ಚಬ್ಯಾಡ್ರಿ ಅದಕ್ಕ. ಓಡೂದ ಕಲ್ತೈತಿ. ಓಡಿಕೋತ ಇರ್ಲಿ.”

“ಆತು ಬಿಡ್ರಿ, ಕಣ್ಣ ಆರಾಮ ಆದ್ರ ತಿರುಗಿ ಒಯ್ಯೀರಂತ,” ಎಂದೆ. ಅವರು ನಕ್ಕರು. ಆ ದಿನ ಮುಗಿದ ಮೇಲೆ ಗೋಡೆ ಹಿಡಿದು ನಡೆಯುತ್ತ ಒಂದೊಂದೇ ಹಾಸಿಗೆಯ ಹತ್ತಿರ ನಿಂತು ಎಲ್ಲರನ್ನೂ ಮಾತಾಡಿಸಿದರು. ಟೆಕ್ನಿಶಿಯನ್‌ನ ಭುಜ ತಟ್ಟಿದರು. ಜ್ವರ ಬಿಟ್ಟ ಹುರುಪು ಎಂದುಕೊಂಡೆವು.

ಮುಂದಿನ ಸರದಿಗೆ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ನಾನು ಫೋನು ಮಾಡಿದೆ. ಸೊಸೆ ಎತ್ತಿದಳು.

“ಮಾವ ಒಲ್ಲೆ ಅಂದಾರ್ರಿ ಅಕ್ಕಾರ. ಎಲ್ಲಾರೂ ಹೇಳಿ ಸಾಕಾತು. ನನ್ನ ಗಂಡ ಕಾಲ ಹಿಡದ್ ಅತ್ತಾನ. ಸಾಕು, ಇನ್ನ ಆ ಮಷಿನ್ ಬ್ಯಾಡ ಅಂತ ಒಂದs ಮಾತು.”

ಮರುದಿನವೇ ಶಾಲೆಗೆ ರಜೆ ಹಾಕಿ, ಮನೆಯವರ ಬೈಕಿನ ಮೇಲೆ ಜೈನಾಪುರಕ್ಕೆ ಹೋದೆ. ಕಾಕಾ ಪಡಸಾಲೆಯಲ್ಲಿ ಮಂಚದ ಮೇಲೆ ದಿಂಬಿಗೆ ಒರಗಿ ಕುಳಿತಿದ್ದರು. ಮುಖ, ಕಾಲು ಎಲ್ಲ ಬಾತಿತ್ತು. ಉಸಿರು ಮೇಲೆ ಮೇಲೆ ಬರುತ್ತಿತ್ತು. ನನ್ನನ್ನು ನೋಡಿ ಕಣ್ಣರಳಿಸಿದರು. ಪಕ್ಕದಲ್ಲಿ ತುಂಬಿದ ನೀರಿನ ತಂಬಿಗೆ ಇತ್ತು.

“ನೋಡ್ರಿ ಅಕ್ಕಾರ,” ಎಂದು ಅದನ್ನು ತೋರಿಸಿದರು. “ನಿನ್ನಿ ತಂಬಿಗಿ ಎತ್ತಿ ಗಟಗಟ ಕುಡದ್ನಿ. ಯಾಡ್ ವಾಟಗಾ ಚಾ ಕುಡದೆ. ಎಷ್ಟ್ ವರ್ಷ ಆಗಿತ್ತು, ಹೊಟ್ಟಿ ತುಂಬ ನೀರ ಕಂಡಿದ್ದಿಲ್ಲ.”

ನಾನು ಮಂಚದ ಅಂಚಿಗೆ ಕುಳಿತೆ. ಆದರೂ ಹೇಳಿದೆ. “ಕಾಕಾ, ನಾಳೆ ಬರ್ರಿ. ಒಂದs ಸಲ ಮಾಡಸ್ಕೊಂಡ ನೋಡ್ರಿ, ಉಸರಾಟ ಹಗರ ಆಕ್ಕೈತಿ. ಗಾಡಿ ಮಾಡಿಸಿ ನಾನs ಕರಕೊಂಡ ಹೋಗ್ತೀನಿ.”

“ನೀವ್ ಹೋಗ್ರಿ. ನಿಮಗ ಹೋಗಬೇಕಾಕ್ಕೈತಿ. ಹುಡುಗ್ರು ಸಾಲ್ಯಾಗ ದಾರಿ ನೋಡ್ತಾವ, ಇವರದಾರ,” ಎಂದು ನಮ್ಮ ಮನೆಯವರ ಕಡೆ ಗದ್ದ ಎತ್ತಿದರು. “ನಂದು ಎಲ್ಲಾ ಮುಗದೈತಿ. ನನಗ ತ್ರಾಸಿಲ್ಲ. ನೀವ್ ಅಳಬ್ಯಾಡ್ರಿ, ಇಲ್ಲೀ ಹೆಣಮಕ್ಳು ಅತ್ತs ಅತ್ತಾರ.”

ಮಗ ಬಾಗಿಲಿನಲ್ಲಿ ನಿಂತಿದ್ದ. ಹೊರಗೆ ಬಂದಾಗ ನಮ್ಮ ಮನೆಯವರ ಕೈ ಹಿಡಿದುಕೊಂಡ, ಬಿಡಲಿಲ್ಲ.

ಆ ವಾರದ ಕೊನೆಯಲ್ಲಿ ಕಾಕಾ ತೀರಿಕೊಂಡರು. ನಾನು ಡಯಾಲಿಸಿಸ್‌ನಲ್ಲಿದ್ದಾಗಲೇ ಸುದ್ದಿ ಬಂತು. ಎದ್ದು ಹೋಗುವಂತಿರಲಿಲ್ಲ, ಸೂಜಿ ಕೈಯಲ್ಲಿತ್ತು. ಸಿಸ್ಟರ್ ಬಂದು ನನ್ನ ಹಣೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಕಿಟಕಿಯ ಪಕ್ಕದ ಹಾಸಿಗೆಗೆ ಆಗಲೇ ಬೇರೊಬ್ಬರು ಬಂದಿದ್ದರು. ಅವರಿಗೆ ಇದೆಲ್ಲ ಗೊತ್ತಿರಲಿಲ್ಲ, ನಾನು ಅಳುವುದನ್ನು ನೋಡಿ ನೋವಾಗುತ್ತಿದೆಯೇ ಎಂದು ಕೇಳಿದರು. ಹೂಂ ಎಂದೆ.

ಆ ಆಟವನ್ನು ಆಮೇಲೆ ನಾನು ಒಮ್ಮೆ ಮಾತ್ರ ತೆರೆದೆ. ಹೋರಿ ನನ್ನ ಗರಡಿಯಲ್ಲಿ ನಿಂತಿತ್ತು. ಅದು ನೆನಪಿಟ್ಟುಕೊಂಡದ್ದು ಕಾಕಾ ಕೊಟ್ಟ ಅಂಕಗಳನ್ನು, ಕಳೆದ ಅಂಕಗಳನ್ನು, ಅಷ್ಟನ್ನೇ, ಕಾಕಾನನ್ನಲ್ಲ. ಇದು ನನಗೆ ಗೊತ್ತಿದ್ದ ವಿಷಯವೇ. ಮಕ್ಕಳಿಗೂ ಹೀಗೇ ಬಿಡಿಸಿ ಹೇಳಿದ್ದೇನೆ. ಆದರೂ ಅದನ್ನು ಯಾರ ಮೇಲೂ ಬಿಡಲು ಮನಸ್ಸಾಗಲಿಲ್ಲ. ಫೋನು ಕೆಳಗಿಟ್ಟೆ.

ದಿನಕರ್ಮವೆಲ್ಲ ಮುಗಿದ ಮೇಲೆ ಒಂದು ರವಿವಾರ ಮತ್ತೆ ಜೈನಾಪುರಕ್ಕೆ ಹೋದೆವು. ಸೊಸೆ ಒಳಗೆ ಕರೆದು ರೊಟ್ಟಿ ಬಡಿಯುತ್ತ ಮಾತಾಡಿದಳು. ನಾಲ್ಕು ವರ್ಷ ಮಾವನ ಜೊತೆ ಓಡಾಡಿದವಳು. ನಾವು ಒಳಗೆ ತಾಲೀಮು ನೋಡಿ ನಗುತ್ತಿದ್ದಾಗ ಆಕೆ ಹೊರಗಿರುತ್ತಿದ್ದಳು. ಆಕೆಯೊಡನೆ ಇಷ್ಟು ಹೊತ್ತು ಕುಳಿತದ್ದು ನಾನು ಅಂದೇ ಮೊದಲು.

“ಸೋಮವಾರ ಬಂತಂದ್ರ ನಸಿಕ್ಲೆ ಎಚ್ಚರಾಕ್ಕೈತ್ರಿ ಅಕ್ಕಾರ. ರೊಟ್ಟಿ ಮಾಡಿ, ಅವರಿಗೆ ಉಪ್ಪಿಲ್ಲದ ಪಲ್ಯ ಬ್ಯಾರೆ ಮಾಡಿ ಇಳಸ್ತೀನಿ. ಬುತ್ತಿ ಕಟ್ಟೂಮುಂದ ನೆನಪಾಕ್ಕೈತಿ. ಹೋದ ವಾರ ಅಂತೂ ಸೀರಿ ಉಟ್ಕೊಂಡ ಬಾಗಲಕ್ಕ ಬಂದ್ ನಿಂತಿದ್ನಿ. ನನ್ನ ಗಂಡ, ಇನ್ನರ ಸ್ವಲ್ಪ ಮಲಕೋ, ಆರಾಮ ತಗೋ ಅಂತಾನ. ಎಲ್ಲೀ ನಿದ್ದಿ.”

“ಆ ಉಪ್ಪಿಲ್ಲದ ಪಲ್ಯ ಏನ್ ಮಾಡ್ತಿ?” ಎಂದೆ.

“ನಾನs ಉಣ್ತೀನ್ರಿ,” ಎಂದಳು. ಬಿಸಿ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿ, “ನಿಮಗೂ ಉಪ್ಪು ನಡಿಯಂಗಿಲ್ಲಲ್ರಿ?” ಎಂದು ಕೇಳಿ, ನಾನು ಹೇಳುವ ಮೊದಲೇ ಎದ್ದು ಒಲೆಯ ಮೇಲೆ ಬೇರೆ ಬೋಗುಣಿ ಇಟ್ಟಳು.

ಬದನೆಕಾಯಿ ಪಲ್ಯ, ಉಪ್ಪಿಲ್ಲದ್ದು. ನಾನೂ ಆಕೆಯೂ ಎದುರುಬದುರು ಕುಳಿತು ಉಂಡೆವು. ಸಂಜೆ ತಿಕೋಟಾಕ್ಕೆ ಮರಳಿದೆವು. ಮರುದಿನ ಸೋಮವಾರ, ಬೆಳಗಿನ ಪಾಠ ಮುಗಿಸಿ ನಾನು ಬಸ್ಸು ಹತ್ತಿದೆ.